ಸರ್ಕಾರದ ಸಹಾಯಧನ ರೈತರ ಖಾತೆಗೆ ತಲುಪುವ ಬಗೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರೈತರಿಗೆ ಮಾಹಿತಿ

ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಿಗೆ ಬರುವ ರೈತ ಬಾಂಧವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: "ಬದುವಿನ ಆಚೆಯವರಿಗೆ ಪರಿಹಾರ ಬಂದಿದೆ, ನಮಗೇಕೆ ಬಂದಿಲ್ಲ?" ಇಬ್ಬರ ಹೊಲವೂ ಒಂದೇ ಕೆಮ್ಮಣ್ಣು, ಇಬ್ಬರೂ ಬಿತ್ತಿದ್ದು ರಾಗಿ, ಇಬ್ಬರ ಬೆಳೆಯೂ ಒಣಗಿದೆ. ಆದರೂ ಒಬ್ಬರ ಖಾತೆಗೆ ಹಣ ಜಮೆಯಾಗಿ ಇನ್ನೊಬ್ಬರ ಖಾತೆ ಖಾಲಿಯಾಗಿಯೇ ಉಳಿಯುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಾರಣ ಹೊಲದಲ್ಲಿರುವುದಿಲ್ಲ, ದಾಖಲೆಗಳಲ್ಲಿರುತ್ತದೆ. ಹಿಂದೆ ಪರಿಹಾರವೆಂದರೆ ಅರ್ಜಿ ಬರೆದು, ಕಚೇರಿಗೆ ಅಲೆದು, ಚೆಕ್ಕು ಪಡೆಯುವ ಕೆಲಸವಾಗಿತ್ತು. ಇಂದು ಹೆಚ್ಚಿನ ಪಾವತಿಗಳಿಗೆ ಅರ್ಜಿಯೇ ಇಲ್ಲ. ನಾಲ್ಕು ಗಣಕ ದಾಖಲೆಗಳು, ಅಂದರೆ ಪಹಣಿ, ರೈತರ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆ ಮತ್ತು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಒಂದಕ್ಕೊಂದು ತಾಳೆಯಾದರೆ ಹಣ ತಾನಾಗಿ ಬರುತ್ತದೆ. ಒಂದು ಕೊಂಡಿ ಕಳಚಿದರೂ ನಿಲ್ಲುತ್ತದೆ. ನಿಂತಿದ್ದು ಎಲ್ಲಿ ಎಂಬುದನ್ನು ತಾವೇ ಪತ್ತೆಹಚ್ಚಿ ಸರಿಪಡಿಸಿಕೊಳ್ಳಲು ನೆರವಾಗಲೆಂದು ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಈ ಮೂರು ತಾಲ್ಲೂಕುಗಳ ಸ್ಥಿತಿ

ಚಿಕ್ಕಮಗಳೂರು ಜಿಲ್ಲೆಯೆಂದರೆ ಹೊರಗಿನವರಿಗೆ ಕಾಫಿ ಮತ್ತು ಮಳೆ ನೆನಪಾಗುತ್ತವೆ. ಬಾಬಾಬುಡನ್ ಗಿರಿಶ್ರೇಣಿಯ ಮೂಡಣ ಬದಿಯ ಮಳೆನೆರಳಿನಲ್ಲಿರುವ ಕಡೂರು ಮತ್ತು ಅಜ್ಜಂಪುರದ ಕಥೆ ಬೇರೆ. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಯಗಟಿ, ಪಂಚನಹಳ್ಳಿ, ಸಿಂಗಟಗೆರೆ ಹೋಬಳಿಗಳಲ್ಲಿ ರಾಗಿ ಮತ್ತು ತೆಂಗು ಬದುಕಿನ ಆಧಾರ. ಅಜ್ಜಂಪುರ, ಶಿವನಿ ಹೋಬಳಿಗಳಲ್ಲಿ ಈರುಳ್ಳಿಗೆ ಮಹತ್ವದ ಸ್ಥಾನ. ತರೀಕೆರೆಯಲ್ಲಿ ಮಾತ್ರ ಎರಡು ಲೋಕಗಳು ಒಂದೇ ತಾಲ್ಲೂಕಿನೊಳಗಿವೆ: ಲಕ್ಕವಳ್ಳಿಯ ಕಡೆ ಭದ್ರಾ ಅಣೆಕಟ್ಟು, ಅಡಿಕೆ, ಭತ್ತ; ಪೂರ್ವಕ್ಕೆ ಸರಿದಂತೆ ಮಳೆಯಾಶ್ರಿತ ಖುಷ್ಕಿ ಭೂಮಿ.

ಇದನ್ನು ಹೇಳಲು ಕಾರಣವಿದೆ. ಬರ ಘೋಷಣೆಯ ಘಟಕ ತಾಲ್ಲೂಕು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮೊದಲು ಮಳೆಯ ಕೊರತೆ ಮತ್ತು ಮಳೆಯಿಲ್ಲದ ವಾರಗಳ ಅವಧಿಯನ್ನು ನೋಡಲಾಗುತ್ತದೆ. ಆಮೇಲೆ ಬಿತ್ತನೆಯ ಪ್ರಮಾಣ, ಉಪಗ್ರಹ ಚಿತ್ರದಲ್ಲಿ ಕಾಣುವ ಹಸಿರಿನ ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಮಟ್ಟವನ್ನು ಪರಿಶೀಲಿಸಲಾಗುತ್ತದೆ. ಕೊನೆಗೆ ಶೇ. 10ರಷ್ಟು ಗ್ರಾಮಗಳನ್ನು ಆಯ್ದು ಹೊಲಗಳಿಗೆ ಹೋಗಿ ಬೆಳೆಹಾನಿಯನ್ನು ಖಚಿತಪಡಿಸಿಕೊಳ್ಳಬೇಕು. ತಾಲ್ಲೂಕಿನ ಸರಾಸರಿ ಚೆನ್ನಾಗಿದ್ದರೆ ಒಂದು ಮೂಲೆಯ ಹೋಬಳಿಯ ಸಂಕಟ ಆ ಸರಾಸರಿಯಲ್ಲಿ ಕರಗಿಹೋಗಬಹುದು. ತರೀಕೆರೆಯಂತಹ ತಾಲ್ಲೂಕಿನಲ್ಲಿ ಈ ಅಪಾಯ ಹೆಚ್ಚು. 2018ರಲ್ಲಿ ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದ ಮೇಲೆ ಆ ಭಾಗದ ಒಣಭೂಮಿಯ ಲೆಕ್ಕ ಮಲೆನಾಡಿನ ಲೆಕ್ಕದೊಡನೆ ಬೆರೆಯದೆ ಬೇರೆಯಾಗಿ ನಿಲ್ಲುತ್ತದೆ. ಹೊಸ ತಾಲ್ಲೂಕಿನಿಂದ ರೈತರಿಗಾದ, ಹೆಚ್ಚು ಜನ ಗಮನಿಸದ ಪ್ರಯೋಜನವಿದು. ಆ ಭಾಗದ ಹಳೆಯ ಪಹಣಿ, ಸಾಲಪತ್ರಗಳಲ್ಲಿ 'ತರೀಕೆರೆ ತಾಲ್ಲೂಕು' ಎಂದೇ ಇರುತ್ತದೆಯಾದ್ದರಿಂದ ಯಾವುದೇ ನೋಂದಣಿಗೆ ಹೋಗುವಾಗ ಹೊಸದಾಗಿ ತೆಗೆಸಿದ ಪಹಣಿಯನ್ನೇ ಕೊಂಡೊಯ್ಯುವುದು ಒಳ್ಳೆಯದು.

2023ರ ಬರ ಮತ್ತು ಎರಡು ಕಂತುಗಳ ಗೊಂದಲ

2023ರ ಮುಂಗಾರಿನಲ್ಲಿ ಕಡೂರು ಸೇರಿದಂತೆ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಹಂತಹಂತವಾಗಿ ಘೋಷಿಸಲಾಯಿತು. ರಾಜ್ಯದಲ್ಲಿ 48 ಲಕ್ಷ ಹೆಕ್ಟೇರಿಗೂ ಮಿಗಿಲಾದ ಪ್ರದೇಶದ ಬೆಳೆ ಹಾನಿಗೊಳಗಾಗಿತ್ತು. ರಾಜ್ಯವು ಕೇಂದ್ರದಿಂದ ಕೋರಿದ ನೆರವು ಸುಮಾರು 18,171 ಕೋಟಿ ರೂಪಾಯಿ. ನೆರವು ಬರುವುದು ತಡವಾದ್ದರಿಂದ ರಾಜ್ಯ ಸರ್ಕಾರ ಮೊದಲ ಕಂತಾಗಿ ಪ್ರತಿ ಅರ್ಹ ರೈತರಿಗೆ ಗರಿಷ್ಠ 2,000 ರೂಪಾಯಿಗಳವರೆಗೆ ತನ್ನ ಕಡೆಯಿಂದ ಪಾವತಿಸಿತು. 2024ರ ಮಾರ್ಚ್‌ನಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದಿಂದ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಗಿ, ಮೇ ತಿಂಗಳಲ್ಲಿ ಬಾಕಿ ಪರಿಹಾರ ರೈತರ ಖಾತೆಗಳಿಗೆ ಜಮೆಯಾಯಿತು.

ಆ ಬಾಕಿ ಕಂತಿನ ಮೊತ್ತ ನೋಡಿ "ನಮಗೆ ಕಡಿಮೆ ಕೊಟ್ಟರು" ಎಂದು ಅನೇಕರು ಭಾವಿಸಿದರು. ಲೆಕ್ಕ ಹೀಗಿದೆ. ರಾಜ್ಯ ವಿಪತ್ತು ಪ್ರತಿಕ್ರಿಯಾ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿಯಂತೆ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಬೆಳೆಹಾನಿಯಾದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ತೆಂಗು, ಅಡಿಕೆಯಂತಹ ಬಹುವಾರ್ಷಿಕ ಬೆಳೆಗೆ 22,500 ರೂ. ಒಬ್ಬ ರೈತರಿಗೆ ಗರಿಷ್ಠ 2 ಹೆಕ್ಟೇರ್. ನಮ್ಮ ರೈತರು ಹೆಕ್ಟೇರಿನಲ್ಲಿ ಲೆಕ್ಕ ಹಾಕುವುದಿಲ್ಲ. ಆದ್ದರಿಂದ ಗುಂಟೆಗೆ ಇಳಿಸಿ ಹೇಳುವುದಾದರೆ ಮಳೆಯಾಶ್ರಿತಕ್ಕೆ ಸುಮಾರು 86 ರೂ., ನೀರಾವರಿಗೆ 172 ರೂ., ಬಹುವಾರ್ಷಿಕಕ್ಕೆ 228 ರೂ. ಎರಡು ಹೆಕ್ಟೇರಿನ ಮಿತಿಯೆಂದರೆ 4 ಎಕರೆ 38 ಗುಂಟೆ.

ಉದಾಹರಣೆಗೆ 2 ಎಕರೆ 20 ಗುಂಟೆಯಲ್ಲಿ ಮಳೆಯಾಶ್ರಿತ ರಾಗಿ ಬಿತ್ತಿ ನಷ್ಟ ಅನುಭವಿಸಿದ ರೈತರಿಗೆ ನೂರು ಗುಂಟೆಗೆ ಸುಮಾರು 8,600 ರೂ. ಸಲ್ಲಬೇಕು. ಮೊದಲ ಕಂತಿನಲ್ಲಿ 2,000 ರೂ. ಬಂದಿದ್ದರೆ ಎರಡನೆಯದರಲ್ಲಿ ಬರುವುದು 6,600 ರೂ. ಮಾತ್ರ. ಹನ್ನೆರಡು ಎಕರೆ ರಾಗಿ ಬೆಳೆದವರಿಗಾದರೂ ಎರಡು ಹೆಕ್ಟೇರಿನ 17,000 ರೂ. ದಾಟುವುದಿಲ್ಲ. ತೀರ ಸಣ್ಣ ಹಿಡುವಳಿದಾರರಿಗೂ ಒಂದು ಕನಿಷ್ಠ ಮೊತ್ತವನ್ನು ಮಾರ್ಗಸೂಚಿ ನಿಗದಿಪಡಿಸಿದೆ: ಕ್ರಮವಾಗಿ 1,000, 2,000 ಮತ್ತು 2,500 ರೂ.

ಈ ಹಣವನ್ನು ನಾವು ಪರಿಹಾರ ಎಂದು ಕರೆಯುತ್ತೇವಾದರೂ ನಿಯಮದ ಭಾಷೆಯಲ್ಲಿ ಇದು ಹೂಡುವಳಿ ಸಹಾಯಧನ. ಅಂದರೆ ಕಳೆದುಹೋದ ಬೆಳೆಯ ಬೆಲೆಯಲ್ಲ. ಮುಂದಿನ ಬಿತ್ತನೆಗೆ ಬೀಜ, ಗೊಬ್ಬರ ಕೊಳ್ಳಲು ನೀಡುವ ಆಸರೆ. ಎಕರೆಗೆ 3,440 ರೂಪಾಯಿ ಒಣಗಿದ ರಾಗಿ ಹೊಲದ ಉಳುಮೆಯ ಖರ್ಚಿಗೂ ಸಾಲದು ಎಂಬ ರೈತರ ಮಾತಿನಲ್ಲಿ ಅತಿಶಯೋಕ್ತಿಯಿಲ್ಲ. ದರಗಳು ಶಾಶ್ವತವೂ ಅಲ್ಲ: 2025ರ ಅತಿವೃಷ್ಟಿಯ ನಂತರ ರಾಜ್ಯ ಸರ್ಕಾರವು ಮಾರ್ಗಸೂಚಿಯ ದರದ ಮೇಲೆ ಹೆಕ್ಟೇರಿಗೆ 8,500 ರೂಪಾಯಿಗಳನ್ನು ತನ್ನ ಪಾಲಾಗಿ ಸೇರಿಸುವುದಾಗಿ ಪ್ರಕಟಿಸಿತು. ಆದ್ದರಿಂದ ಪ್ರತಿ ವಿಪತ್ತಿಗೂ ಆಯಾ ವರ್ಷದ ಆದೇಶವನ್ನೇ ನೋಡಬೇಕು.

ಬಹುವಾರ್ಷಿಕ ಬೆಳೆಗಾರರು ಒಂದು ವಿಷಯ ಗಮನಿಸಬೇಕು. ರಾಗಿಯ ನಷ್ಟ ಅದೇ ಹಂಗಾಮಿನಲ್ಲಿ ಕಣ್ಣಿಗೆ ಕಾಣುತ್ತದೆ. ತೆಂಗಿನಲ್ಲಿ ಹೊಂಬಾಳೆ ಬಿರಿದು ಕಾಯಿ ಬಲಿಯಲು ಸುಮಾರು ಒಂದು ವರ್ಷ ಬೇಕು. ಬರದ ಪೆಟ್ಟು ಹರಳು ಉದುರುವಿಕೆಯಾಗಿ, ಸಣ್ಣ ಕಾಯಿಯಾಗಿ ಮುಂದಿನ ವರ್ಷವೂ ಮುಂದುವರಿಯುತ್ತದೆ. ಜಂಟಿ ಸಮೀಕ್ಷೆಯ ದಿನ ಮರ ಹಸಿರಾಗಿ ನಿಂತಿದ್ದರೆ 'ಹಾನಿಯಿಲ್ಲ' ಎಂದು ಬರೆಯುವ ಸಾಧ್ಯತೆಯಿದೆ. ತೋಟಗಾರಿಕೆ ಇಲಾಖೆಯ ಸಿಬ್ಬಂದಿ ತೋಟಕ್ಕೆ ಬಂದಾಗ ಗರಿ ಜೋತು ಬಿದ್ದಿರುವುದು, ಉದುರಿದ ಹರಳು, ಬತ್ತಿದ ಕೊಳವೆಬಾವಿ ಇವನ್ನೆಲ್ಲ ತೋರಿಸಿ, ಸಾಧ್ಯವಾದರೆ ದಿನಾಂಕ ಸಹಿತ ಚಿತ್ರ ತೆಗೆದಿಟ್ಟುಕೊಳ್ಳಿ.

ಮೊದಲ ಕೊಂಡಿ: ಪಹಣಿ

ಸಮಸ್ಯೆಗಳಲ್ಲಿ ಅತ್ಯಂತ ಹಳೆಯದೂ ಕಠಿಣವೂ ಆದದ್ದು ಪಹಣಿಯದು. ಪಹಣಿಯ 9ನೇ ಕಲಂನಲ್ಲಿ ಯಾರ ಹೆಸರಿದೆಯೋ ಅವರೇ ಸರ್ಕಾರದ ಕಣ್ಣಿಗೆ ರೈತರು. ಅಜ್ಜನ ಹೆಸರಿನಲ್ಲಿಯೇ ಖಾತೆ ಉಳಿದಿದ್ದು ಮೊಮ್ಮಕ್ಕಳು ಉಳುತ್ತಿರುವ ಜಮೀನುಗಳು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಲ್ಲ. ತೀರಿಹೋದವರಿಗೆ ಆಧಾರ್ ದೃಢೀಕರಣ ಮಾಡಲಾಗದು, ಗುರುತಿನ ಸಂಖ್ಯೆ ಕೊಡಲಾಗದು. ಹಾಗಾಗಿ ಆ ಜಮೀನಿಗೆ ಎಷ್ಟೇ ಬರ ಬಂದರೂ ಪರಿಹಾರ ಬಾರದು. ಇದರಿಂದ ಹೆಚ್ಚು ನೊಂದವರು ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು. ಬೇಸಾಯದ ಹೊಣೆ ಪೂರ್ತಿ ಅವರ ಮೇಲಿರುತ್ತದೆ, ಸಂಘದ ಸಾಲವನ್ನೂ ಅವರೇ ತೀರಿಸುತ್ತಿರುತ್ತಾರೆ, ಆದರೆ ದಾಖಲೆಯಲ್ಲಿ ಅವರು ಇರುವುದೇ ಇಲ್ಲ.

ಇದಕ್ಕೆ ಪರಿಹಾರ ಪೌತಿ ಖಾತೆ ಬದಲಾವಣೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ವಾರಸುದಾರರ ಆಧಾರ್ ಪ್ರತಿಗಳೊಂದಿಗೆ ನಾಡಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು; ಆಕ್ಷೇಪಣೆಯ ಅವಧಿ ಮುಗಿದ ನಂತರ ಮ್ಯುಟೇಶನ್ ಆಗಿ ಪಹಣಿಯಲ್ಲಿ ವಾರಸುದಾರರ ಹೆಸರು ಬರುತ್ತದೆ. ಕಂದಾಯ ಇಲಾಖೆ ಇ-ಪೌತಿ ಆಂದೋಲನದ ಮೂಲಕ ಗ್ರಾಮ ಆಡಳಿತ ಅಧಿಕಾರಿಗಳನ್ನೇ ಮನೆ ಬಾಗಿಲಿಗೆ ಕಳಿಸುವ ಕ್ರಮ ಕೈಗೊಂಡಿದೆ. ಅಣ್ಣತಮ್ಮಂದಿರ ನಡುವೆ ವಿಭಾಗ ಇನ್ನೂ ತೀರ್ಮಾನವಾಗಿಲ್ಲ ಎಂಬ ಕಾರಣಕ್ಕೆ ಪೌತಿ ಖಾತೆಯನ್ನೂ ಮುಂದೂಡುವ ವಾಡಿಕೆಯಿದೆ. ಇದು ಸರಿಯಲ್ಲ. ಮೊದಲು ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಪೌತಿ ಮಾಡಿಸಿ, 11ಇ ನಕ್ಷೆ ಮತ್ತು ವಿಭಾಗವನ್ನು ಆಮೇಲೆ ಮಾಡಿಕೊಳ್ಳಬಹುದು. ಜಂಟಿ ಖಾತೆಯಲ್ಲಿಯೂ ತೊಡಕುಗಳಿವೆ. ಆದರೆ ತೀರಿದವರ ಖಾತೆಯಲ್ಲಿ ದಾರಿಯೇ ಇಲ್ಲ.

ವಾರಕ್ಕೆ ಅಥವಾ ಗುತ್ತಿಗೆಗೆ ಭೂಮಿ ಮಾಡುವವರ ಸಂಗತಿ ಇನ್ನೂ ಜಟಿಲ. 1974ರ ಭೂಸುಧಾರಣೆಯ ನಂತರ ರಾಜ್ಯದಲ್ಲಿ ಗೇಣಿಗೆ ಸಾಮಾನ್ಯವಾಗಿ ಕಾನೂನಿನ ಮಾನ್ಯತೆಯಿಲ್ಲ. ಹಾಗಾಗಿ ಗುತ್ತಿಗೆ ಬಾಯಿಮಾತಿನಲ್ಲಿಯೇ ನಡೆಯುತ್ತದೆ. ಬೀಜ, ಗೊಬ್ಬರ, ದುಡಿಮೆ ಗುತ್ತಿಗೆದಾರರದು, ಪರಿಹಾರ ಮಾತ್ರ ಪಹಣಿದಾರರ ಖಾತೆಗೆ. ಬಗರ್ ಹುಕುಂ ಸಾಗುವಳಿದಾರರೂ ಇದೇ ಸ್ಥಿತಿಯಲ್ಲಿದ್ದಾರೆ. ಈಗಿನ ವ್ಯವಸ್ಥೆಯಲ್ಲಿ ಇದಕ್ಕೆ ನೇರ ಪರಿಹಾರವಿಲ್ಲ. ಬರ ಬಂದರೆ ಪರಿಹಾರದ ಹಣವನ್ನು ಹೇಗೆ ಹಂಚಿಕೊಳ್ಳುವುದು ಎಂಬುದನ್ನು ಬಿತ್ತನೆಗೆ ಮುನ್ನವೇ ಜಮೀನುದಾರರೊಡನೆ ಮಾತನಾಡಿಕೊಂಡಿರುವುದೊಂದೇ ಸದ್ಯಕ್ಕೆ ಉಳಿದಿರುವ ದಾರಿ.

ಎರಡನೆಯದು: ಫ್ರೂಟ್ಸ್ ಗುರುತಿನ ಸಂಖ್ಯೆ

ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿದ ರೈತರಿಗೆ ದೊರೆಯುವ ಸಂಖ್ಯೆಯನ್ನು ಎಫ್‌ಐಡಿ ಎನ್ನುತ್ತಾರೆ. ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆ ಬೀಜ ಕೊಳ್ಳುವುದರಿಂದ ಹಿಡಿದು ಬೆಂಬಲ ಬೆಲೆಗೆ ರಾಗಿ ಮಾರುವವರೆಗೆ ಈಗ ಎಲ್ಲದಕ್ಕೂ ಇದು ಬೇಕು. ನೋಂದಣಿಗೆ ಆಧಾರ್, ಎಲ್ಲ ಜಮೀನುಗಳ ಪಹಣಿ, ಬ್ಯಾಂಕ್ ಪಾಸ್‌ಪುಸ್ತಕ, ಪರಿಶಿಷ್ಟ ಜಾತಿ ಹಾಗೂ ಪಂಗಡದವರಾದರೆ ಜಾತಿ ಪ್ರಮಾಣಪತ್ರ ಮತ್ತು ಮೊಬೈಲ್ ಸಂಖ್ಯೆ ಸಾಕು. ಕೃಷಿ, ತೋಟಗಾರಿಕೆ, ರೇಷ್ಮೆ, ಕಂದಾಯ, ಯಾವ ಇಲಾಖೆಯ ಕಚೇರಿಯಲ್ಲಿ ಮಾಡಿಸಿದರೂ ಸಂಖ್ಯೆ ಒಂದೇ.

"ನಮಗೆ ಎಫ್‌ಐಡಿ ಇದೆ" ಎಂದು ಹೇಳುವ ರೈತರಲ್ಲಿಯೂ ಹಲವರಿಗೆ ಪೂರ್ತಿ ಪರಿಹಾರ ಸಿಗದಿರಲು ಕಾರಣ ಸರ್ವೆ ನಂಬರುಗಳು ಬಿಟ್ಟುಹೋಗಿರುವುದು. ಹಿಂದೆ ಯಾವುದೋ ಒಂದು ಯೋಜನೆಗಾಗಿ ಒಂದೇ ಪಹಣಿ ಕೊಟ್ಟು ಸಂಖ್ಯೆ ಪಡೆದಿರುತ್ತಾರೆ. ಊರಿನ ಹೊಲ ಸೇರಿದೆ, ಪಕ್ಕದ ಊರಿನ ಎಲ್ಲೆಯಲ್ಲಿರುವ ಹೊಲ ಸೇರಿಲ್ಲ. ಸೇರದ ಜಮೀನಿನ ಬೆಳೆಗೆ ಪರಿಹಾರವೂ ಇಲ್ಲ. ಪೌತಿ, ಕ್ರಯ, ವಿಭಾಗದಿಂದ ಹೊಸ ಹಿಸ್ಸಾ ಬಂದಾಗಲೂ ಅದನ್ನು ಸೇರಿಸಬೇಕು. ಅದು ತಾನಾಗಿಯೇ ಸೇರುತ್ತದೆಂದು ನಂಬಿ ಕೂರಬಾರದು. ತಮ್ಮ ಎಫ್‌ಐಡಿಯಲ್ಲಿರುವ ಸರ್ವೆ ನಂಬರುಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮುದ್ರಿಸಿಕೊಂಡು ಮನೆಯಲ್ಲಿರುವ ಪಹಣಿಗಳೊಂದಿಗೆ ಒಮ್ಮೆ ಹೋಲಿಸಿ ನೋಡಿ. ಅರ್ಧ ಗಂಟೆಯ ಈ ಕೆಲಸ ಈ ಲೇಖನದ ಉಳಿದೆಲ್ಲ ಸಲಹೆಗಳಿಗಿಂತ ಹೆಚ್ಚು ಫಲ ಕೊಡುತ್ತದೆ.

ಹೆಸರಿನ ವ್ಯತ್ಯಾಸವೂ ತೊಡಕೇ. ಪಹಣಿಯಲ್ಲಿ 'ದೊಡ್ಡತಿಮ್ಮಯ್ಯ', ಆಧಾರ್‌ನಲ್ಲಿ 'ತಿಮ್ಮಯ್ಯ ಡಿ'. ಪಹಣಿಯಲ್ಲಿ 'ಗಿರಿಯಮ್ಮ ಕೋಂ' ಎಂದು ಗಂಡನ ಹೆಸರು, ಆಧಾರ್‌ನಲ್ಲಿ ತಂದೆಯ ಹೆಸರು. ಮನುಷ್ಯರಿಗೆ ಇದು ಒಬ್ಬರೇ ಎಂದು ತಿಳಿಯುತ್ತದೆ, ಗಣಕಕ್ಕೆ ತಿಳಿಯುವುದಿಲ್ಲ. ಇಂತಹ ಪ್ರಕರಣಗಳಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಮೂಲಕ ಪಹಣಿಗೆ ಆಧಾರ್ ಜೋಡಣೆ ಮಾಡಿಸಿಕೊಳ್ಳುವುದು ಸುಲಭದ ದಾರಿ. 2024ರಿಂದ ಕಂದಾಯ ಇಲಾಖೆ ಈ ಜೋಡಣೆಯನ್ನು ಗ್ರಾಮವಾರು ಕೈಗೊಂಡಿದೆ.

ಎಫ್‌ಐಡಿ ದತ್ತಾಂಶಕ್ಕೆ ವೈಯಕ್ತಿಕ ಪಾವತಿಯನ್ನು ಮೀರಿದ ಮಹತ್ವವೂ ಇದೆ. 2023ರ ಬರದಲ್ಲಿ ಸಣ್ಣ ಮತ್ತು ಅತಿಸಣ್ಣ ರೈತರ ಪ್ರಮಾಣವನ್ನು ಹಳೆಯ ಕೃಷಿ ಗಣತಿಯ ಬದಲು ಫ್ರೂಟ್ಸ್ ದತ್ತಾಂಶದಿಂದ ನಿರ್ಧರಿಸಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಕೋರಿತ್ತು. ಭೂಮಿ ಹಂಚಿಹೋಗುತ್ತಾ ಸಣ್ಣ ರೈತರ ಸಂಖ್ಯೆ ಹೆಚ್ಚಿದೆಯೆಂಬುದನ್ನು ತೋರಿಸಲು ಇದ್ದ ಆಧಾರ ಅದೇ. ನೋಂದಣಿಯಿಂದ ಹೊರಗುಳಿದ ಪ್ರತಿಯೊಬ್ಬರೂ ಆ ಲೆಕ್ಕದಿಂದಲೂ ಹೊರಗುಳಿಯುತ್ತಾರೆ.

ಮೂರನೆಯದು: ಬೆಳೆ ಸಮೀಕ್ಷೆ

ಹೊಲದಲ್ಲಿ ಏನಿದೆ ಎಂಬುದಕ್ಕೆ ಈಗ ಬೆಳೆ ಸಮೀಕ್ಷೆಯೇ ಸಾಕ್ಷಿ. 2020ರ ಮುಂಗಾರಿನಿಂದ ರೈತರು ತಾವೇ ಮೊಬೈಲ್ ಆ್ಯಪ್ ಮೂಲಕ ಹೊಲದಲ್ಲಿ ನಿಂತು ಚಿತ್ರ ತೆಗೆದು ಬೆಳೆ ವಿವರ ದಾಖಲಿಸುವ ಅವಕಾಶವಿದೆ. ರೈತರು ಮಾಡದಿದ್ದರೆ ಗ್ರಾಮಕ್ಕೆ ನೇಮಿಸಿದ ಖಾಸಗಿ ನಿವಾಸಿಗಳು ಮಾಡುತ್ತಾರೆ. ಅವರಿಗೆ ಪ್ಲಾಟುಗಳು ನೂರಾರು, ಸಮಯ ಕಡಿಮೆ. ಬೇರೆಯವರು ಬಂದು ಬರೆದುಕೊಂಡು ಹೋಗಲಿ ಎಂದು ಬಿಡುವುದಕ್ಕಿಂತ ತಮ್ಮ ಹೊಲದ ಬೆಳೆಯನ್ನು ತಾವೇ ದಾಖಲಿಸುವುದು ಎಷ್ಟೋ ಮೇಲು.

ನಮ್ಮ ಭಾಗದ ಬೇಸಾಯ ಪದ್ಧತಿಗೆ ಸಂಬಂಧಿಸಿದ ಮೂರು ಎಡವಟ್ಟುಗಳನ್ನು ಇಲ್ಲಿ ಹೇಳಲೇಬೇಕು. ಮೊದಲನೆಯದು ಕಾಲದ್ದು. ಕಡೂರಿನ ಖುಷ್ಕಿಯಲ್ಲಿ ಪೂರ್ವ ಮುಂಗಾರಿಗೆ ಎಳ್ಳು, ಹೆಸರು, ಅಲಸಂದೆ ಬಿತ್ತಿ, ಅದನ್ನು ಕಿತ್ತ ಮೇಲೆ ರಾಗಿ ಹಾಕುವ ಪದ್ಧತಿಯಿದೆ. ಎರಡರ ನಡುವಣ ದಿನಗಳಲ್ಲಿ ಸಮೀಕ್ಷೆಯವರು ಬಂದರೆ ಹೊಲ ಬೋಳಾಗಿರುತ್ತದೆ, 'ಬೀಳು' ಎಂದು ದಾಖಲಾಗುತ್ತದೆ. ಬೀಳು ಭೂಮಿಗೆ ಬೆಳೆಹಾನಿ ಎಂಬುದೇ ಇಲ್ಲ. ಎರಡನೆಯದು ಮಿಶ್ರ ಬೆಳೆ. ತೆಂಗಿನ ಸಾಲುಗಳ ನಡುವೆ ರಾಗಿ, ಅಡಿಕೆಯ ನಡುವೆ ಬಾಳೆ, ರಾಗಿಯಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು: ಇವುಗಳಲ್ಲಿ ಒಂದನ್ನಷ್ಟೇ ಬರೆದರೆ ಉಳಿದದ್ದು ಲೆಕ್ಕಕ್ಕಿಲ್ಲ. ಹಳೆಯ ತೆಂಗಿನ ತೋಟವನ್ನು ರಾಗಿಯೆಂದು ಬರೆದರೆ ಗುಂಟೆಗೆ 228 ರೂ. ಇದ್ದದ್ದು 86ಕ್ಕೆ ಇಳಿಯುತ್ತದೆ. ಮೂರನೆಯದು ನೀರಾವರಿ ಮೂಲ. ಕೊಳವೆಬಾವಿಯಿಂದ ಹನಿ ನೀರಾವರಿಯಲ್ಲಿ ಬೆಳೆದ ಈರುಳ್ಳಿಯನ್ನು ಮಳೆಯಾಶ್ರಿತವೆಂದು ನಮೂದಿಸಿದರೆ ದರ ಅರ್ಧಕ್ಕಿಳಿಯುತ್ತದೆ. ಹೆಚ್ಚಿನ ದರದ ಆಸೆಗೆ ಮಳೆಯಾಶ್ರಿತವನ್ನು ನೀರಾವರಿಯೆಂದು ಬರೆಸುವವರೂ ಇದ್ದಾರೆ. ಜಂಟಿ ಸಮೀಕ್ಷೆಯಲ್ಲಿ ಇದು ಹೊರಬಿದ್ದರೆ ಇರುವುದೂ ಕೈತಪ್ಪಬಹುದು.

ಸಮೀಕ್ಷೆ ಮುಗಿದ ಮೇಲೆ 'ಬೆಳೆ ದರ್ಶಕ್' ಆ್ಯಪ್‌ನಲ್ಲಿ ತಮ್ಮ ಸರ್ವೆ ನಂಬರ್ ಹಾಕಿ ಯಾವ ಬೆಳೆ ಎಷ್ಟು ವಿಸ್ತೀರ್ಣಕ್ಕೆ ದಾಖಲಾಗಿದೆ, ಯಾವ ಚಿತ್ರ ತೆಗೆದಿದ್ದಾರೆ ಎಂಬುದನ್ನು ನೋಡಬಹುದು. ತಪ್ಪಿದ್ದರೆ ಅಲ್ಲಿಯೇ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಣೆಗೆ ನಿಗದಿತ ಅವಧಿಯಿದೆ. ಪರಿಹಾರ ಬಾರದಿದ್ದಾಗ ಎಚ್ಚೆತ್ತು ಆಕ್ಷೇಪಣೆಗೆ ಹೋದರೆ ಆ ಹಂಗಾಮಿನ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ.

ಇದೇ ದಾಖಲೆ ಬೆಂಬಲ ಬೆಲೆ ಖರೀದಿಗೂ ಆಧಾರ. 2025-26ರ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂ. ಸಮೀಕ್ಷೆಯಲ್ಲಿ ರಾಗಿ ಇಲ್ಲದ ಜಮೀನಿನ ರಾಗಿಯನ್ನು ಖರೀದಿ ಕೇಂದ್ರದಲ್ಲಿ ನೋಂದಾಯಿಸುವುದು ಕಷ್ಟ. ಒಳ್ಳೆಯ ಮಳೆಯ ವರ್ಷದಲ್ಲೂ ಸಮೀಕ್ಷೆಯನ್ನು ಅಲಕ್ಷಿಸಬಾರದೆಂದು ಹೇಳುವುದು ಇದಕ್ಕೇ.

ಕೊನೆಯದು: ಬ್ಯಾಂಕ್ ಖಾತೆ

ಪರಿಹಾರದ ಹಣ ಖಾತೆ ಸಂಖ್ಯೆಯನ್ನು ನೋಡಿ ಹೋಗುವುದಿಲ್ಲ, ಆಧಾರ್ ಸಂಖ್ಯೆಯನ್ನು ನೋಡಿ ಹೋಗುತ್ತದೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಆ ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆಯೋ ಅಲ್ಲಿಗೇ ಹಣ ಸೇರುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಈ ಪಟ್ಟಿಗೆ ಜೋಡಣೆಯಾಗಿರುವುದು ಬೇರೆ. ಇವೆರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ಅಲೆದಾಟವಾಗುತ್ತದೆ. ಒಂದಕ್ಕಿಂತ ಹೆಚ್ಚು ಖಾತೆಗಳಿದ್ದರೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹಣ ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತೆರೆದ, ಆಮೇಲೆ ಮರೆತೇಹೋದ ಖಾತೆಯಲ್ಲಿ ಪರಿಹಾರದ ಹಣ ಕುಳಿತಿರುವುದೂ ಉಂಟು. ಹಣ ಬಂದಿಲ್ಲವೆಂದು ದೂರುವ ಮೊದಲು ತಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು 'ಮೈ ಆಧಾರ್' ಜಾಲತಾಣದಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ನೋಡಿಸಿಕೊಳ್ಳಿ.

ಪಾವತಿಯ ಸ್ಥಿತಿಯನ್ನು ಕಂದಾಯ ಇಲಾಖೆಯ 'ಪರಿಹಾರ' ತಂತ್ರಾಂಶದಲ್ಲಿ ವಿಪತ್ತಿನ ವಿಧ, ವರ್ಷ ಮತ್ತು ಹಂಗಾಮು ಆರಿಸಿ, ಆಧಾರ್, ಎಫ್‌ಐಡಿ ಅಥವಾ ಸರ್ವೆ ನಂಬರ್ ನಮೂದಿಸಿ ತಿಳಿಯಬಹುದು. ಅಲ್ಲಿ ಹೆಸರೇ ಇಲ್ಲದಿದ್ದರೆ ತೊಂದರೆ ಪಹಣಿ, ಎಫ್‌ಐಡಿ ಅಥವಾ ಸಮೀಕ್ಷೆಯದು. ಅಂತಹವರು ಗ್ರಾಮ ಆಡಳಿತ ಅಧಿಕಾರಿ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಹೆಸರಿದ್ದು ಪಾವತಿ ವಿಫಲವೆಂದಿದ್ದರೆ ತೊಂದರೆ ಬ್ಯಾಂಕಿನದು; ತಾಲ್ಲೂಕು ಕಚೇರಿಗೆ ಹೋಗಿ ಪ್ರಯೋಜನವಿಲ್ಲ.

ಹಣ ಜಮೆಯಾದ ಮೇಲೆ ಅದನ್ನು ಬ್ಯಾಂಕು ಹಳೆಯ ಸಾಲಕ್ಕೆ ಮುರಿದುಕೊಂಡರೆ? 2024ರ ಮೇ ತಿಂಗಳಲ್ಲಿ ಇಂತಹ ದೂರುಗಳು ಬಂದಾಗ ಬರ ಪರಿಹಾರದ ಹಣವನ್ನು ಸಾಲಕ್ಕೆ ಹೊಂದಾಣಿಕೆ ಮಾಡಿಕೊಳ್ಳಬಾರದೆಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಸೂಚಿಸಿತು. ಹಾಗೇನಾದರೂ ಆಗಿದ್ದರೆ ಪಾಸ್‌ಪುಸ್ತಕದ ನಮೂದಿನ ಪ್ರತಿಯೊಂದಿಗೆ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಒಂದು ಪ್ರತಿಯನ್ನು ತಹಶೀಲ್ದಾರರಿಗೂ, ಜಿಲ್ಲಾ ಅಗ್ರಣೀಯ ಬ್ಯಾಂಕಿಗೂ ಸಲ್ಲಿಸಿ. ಬಾಯಿಮಾತಿನ ದೂರಿಗೆ ದಾಖಲೆಯಿರುವುದಿಲ್ಲ.

ಇತರ ಪಾವತಿಗಳು

ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿ 2019ರ ಫೆಬ್ರವರಿಯಲ್ಲಿ ಆರಂಭವಾಯಿತು. ವರ್ಷಕ್ಕೆ 6,000 ರೂ., ನಾಲ್ಕು ತಿಂಗಳಿಗೊಮ್ಮೆ 2,000 ರೂ.ಗಳಂತೆ ಮೂರು ಕಂತು. ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ. ಒಂದು ಕುಟುಂಬಕ್ಕೆ ಒಂದೇ ಪಾವತಿ. 2019ರ ಫೆಬ್ರವರಿ 1ರಂದು ಜಮೀನು ಯಾರ ಹೆಸರಿನಲ್ಲಿತ್ತೋ ಅವರು ಅರ್ಹರು. ಆ ದಿನಾಂಕದ ನಂತರ ಕ್ರಯದಿಂದ ಜಮೀನು ಪಡೆದವರಿಗೆ ಅವಕಾಶವಿಲ್ಲ, ಪೌತಿಯಿಂದ ಬಂದವರಿಗಿದೆ. ಪೌತಿ ಖಾತೆಯನ್ನು ಬೇಗ ಮಾಡಿಸಿಕೊಳ್ಳಲು ಇದೂ ಒಂದು ಕಾರಣ. ಆದಾಯ ತೆರಿಗೆ ಪಾವತಿಸುವವರು, ಸರ್ಕಾರಿ ನೌಕರರು ಮತ್ತು ತಿಂಗಳಿಗೆ 10,000 ರೂ. ಅಥವಾ ಹೆಚ್ಚಿನ ಪಿಂಚಣಿ ಪಡೆಯುವವರು ಸಾಮಾನ್ಯವಾಗಿ ಅನರ್ಹರು. ಬರುತ್ತಿದ್ದ ಕಂತು ನಿಂತಿದ್ದರೆ ಇ-ಕೆವೈಸಿ, ಜಮೀನು ಜೋಡಣೆ ಮತ್ತು ಆಧಾರ್ ಬ್ಯಾಂಕ್ ಜೋಡಣೆ ಇವು ಮೂರನ್ನೂ ನೋಡಿ. ರಾಜ್ಯದಿಂದ ಹಿಂದೆ ಬರುತ್ತಿದ್ದ ಹೆಚ್ಚುವರಿ 4,000 ರೂ. 2023ರಲ್ಲಿ ನಿಂತಿದೆ; ಅದು ತಮ್ಮೊಬ್ಬರಿಗೆ ತಪ್ಪಿದ ಕಂತಲ್ಲ.

ಬೆಳೆ ವಿಮೆ ಬರ ಪರಿಹಾರಕ್ಕಿಂತ ಬೇರೆ. ಒಂದು ಬಂದರೆ ಇನ್ನೊಂದು ಬರಬಾರದೆಂದೇನೂ ಇಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ರೈತರ ಪಾಲಿನ ಪ್ರೀಮಿಯಂ ವಿಮಾ ಮೊತ್ತದ ಶೇ. 2 (ಮುಂಗಾರು), ಶೇ. 1.5 (ಹಿಂಗಾರು), ಈರುಳ್ಳಿಯಂತಹ ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗಳಿಗೆ ಗರಿಷ್ಠ ಶೇ. 5. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ. ತಮ್ಮೊಬ್ಬರ ಹೊಲದ ನಷ್ಟಕ್ಕಲ್ಲ, ಘಟಕದ ಬೆಳೆ ಕಟಾವು ಪ್ರಯೋಗದ ಸರಾಸರಿಗೆ ಪರಿಹಾರ ನಿರ್ಧಾರವಾಗುತ್ತದೆ. ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ಹಾನಿಯಾದಾಗ ಮಾತ್ರ 72 ಗಂಟೆಯೊಳಗೆ ತಿಳಿಸಿದರೆ ವೈಯಕ್ತಿಕವಾಗಿ ಪರಿಶೀಲಿಸುತ್ತಾರೆ. ಅಡಿಕೆಗೆ ಹವಾಮಾನ ಆಧಾರಿತ ವಿಮೆಯಿದ್ದು, ಅಲ್ಲಿ ತೋಟಕ್ಕೆ ಯಾರೂ ಬರುವುದಿಲ್ಲ; ಮಳೆಮಾಪಕದ ಅಂಕಿ ಮಾತಾಡುತ್ತದೆ. ವಿಮೆ ಮಾಡಿಸಿದ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಅಜ್ಜಂಪುರ ಭಾಗದಲ್ಲಿ ಈರುಳ್ಳಿಗೆಂದು ವಿಮೆ ಕಟ್ಟಿ, ಮಳೆ ತಡವಾದ್ದರಿಂದ ರಾಗಿ ಬಿತ್ತಿದವರು ಬೆಳೆ ಬದಲಾವಣೆಯನ್ನು ಬ್ಯಾಂಕಿಗೆ ಅಥವಾ ವಿಮಾ ಸಂಸ್ಥೆಗೆ ಗಡುವಿನೊಳಗೆ ಲಿಖಿತವಾಗಿ ತಿಳಿಸಬೇಕು.

ಹನಿ ಮತ್ತು ತುಂತುರು ನೀರಾವರಿ, ಕೃಷಿ ಹೊಂಡ, ಯಂತ್ರೋಪಕರಣಗಳ ಸಹಾಯಧನಕ್ಕೆ ಮಾತ್ರ ಈಗಲೂ ಅರ್ಜಿ ಬೇಕು. ಕಾರ್ಯಾದೇಶ ಕೈಸೇರುವ ಮುನ್ನ ಸಾಮಗ್ರಿ ಕೊಂಡರೆ ಸಹಾಯಧನ ಕೇಳಲಾಗದು. ಇದರ ಬಗ್ಗೆ ಹೆಚ್ಚಿಗೆ ಹೇಳಬೇಕಾದ್ದಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಗ್ರಾಮಸಭೆಗಳಲ್ಲಿ ಯೋಜನೆಗಳ ಹೆಸರು ಓದುವುದಕ್ಕಿಂತ ಎಫ್‌ಐಡಿ ಇಲ್ಲದ ಪಹಣಿಗಳ ಪಟ್ಟಿಯನ್ನು ಓದಿದರೆ ಹೆಚ್ಚು ಜನಕ್ಕೆ ಉಪಯೋಗವಾಗುತ್ತದೆ. ಆ ಪಟ್ಟಿಯಲ್ಲಿ ತೀರಿಹೋದವರ ಹೆಸರುಗಳನ್ನು ಊರಿನವರೇ ಗುರುತಿಸಿ ಹೇಳುತ್ತಾರೆ. ಅಲ್ಲಿಂದ ಪೌತಿ ಅರ್ಜಿಗೆ ಒಂದೇ ಹೆಜ್ಜೆ. ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿಯೂ ಇದನ್ನು ಓದುವುದು ಅಗತ್ಯ, ಏಕೆಂದರೆ ಗ್ರಾಮಸಭೆಗೆ ಬಾರದವರು ಅಲ್ಲಿರುತ್ತಾರೆ. ಬೆಳೆ ಸಮೀಕ್ಷೆಯ ಖಾಸಗಿ ನಿವಾಸಿಗಳ ತರಬೇತಿಯಲ್ಲಿ ಅಕ್ಕಡಿ ಬೆಳೆ ಮತ್ತು ತೆಂಗಿನ ಮಿಶ್ರ ತೋಟವನ್ನು ದಾಖಲಿಸುವ ಕ್ರಮವನ್ನು ತರಗತಿಯಲ್ಲಿ ಹೇಳದೆ ಹೊಲದಲ್ಲಿಯೇ ನಿಂತು ಮಾಡಿ ತೋರಿಸಬೇಕು.

ಹೆಚ್ಚಿನ ಮಾಹಿತಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಕಿಸಾನ್ ಕರೆ ಕೇಂದ್ರ: 1800-180-1551. ಬೆಳೆ ವಿಮೆ: 14447. ಕಿಸಾನ್ ಸಮ್ಮಾನ್ ನಿಧಿ: 155261. ಕರೆ ಮಾಡುವಾಗ ಎಫ್‌ಐಡಿ, ಆಧಾರ್ ಮತ್ತು ಪಹಣಿಯನ್ನು ಕೈಯಲ್ಲಿಟ್ಟುಕೊಂಡಿರಿ. ದೂರು ದಾಖಲಾದ ಸಂಖ್ಯೆಯನ್ನು ಪಹಣಿಯ ಹಿಂಬದಿಯಲ್ಲಿಯೇ ದಿನಾಂಕದೊಡನೆ ಬರೆದಿಡಿ.